ನೊರೆ ಇಳಿಸಲು ಸಸ್ಯಮೂಲದ ಎಣ್ಣೆ ಮತ್ತು ಮೇಣ: ಸಣ್ಣ ಘಟಕಗಳಿಗೆ ಹಂತ ಹಂತದ ಮಾರ್ಗದರ್ಶಿ

ಕರಾವಳಿಯ ಒಂದು ಸಣ್ಣ ಆಹಾರ ಘಟಕದಲ್ಲಿ ಪಾತ್ರೆ ತೊಳೆಯುವ ತೊಟ್ಟಿಯ ನೊರೆ ಅಂಗಳಕ್ಕೆ ಹರಿಯುತ್ತಿತ್ತು. ಅಲ್ಲಿನ ಮೇಲ್ವಿಚಾರಕರು ಊರಿನ ಆಲೆಮನೆಯಲ್ಲಿ ಕಂಡದ್ದನ್ನು ನೆನಪಿಸಿಕೊಂಡು ಎರಡು ಲೀಟರ್ ಕೊಬ್ಬರಿ ಎಣ್ಣೆ ಸುರಿಸಿದರು. ಸ್ವಲ್ಪ ಹೊತ್ತು ನೊರೆ ತಗ್ಗಿತು. ಆಮೇಲೆ ಮೊಳಕಾಲೆತ್ತರ ಇದ್ದದ್ದು ಸೊಂಟದೆತ್ತರಕ್ಕೆ ಬಂತು. ತೊಟ್ಟಿಯಲ್ಲಿ ಇದ್ದದ್ದು ಬಿಸಿ ಕಾಸ್ಟಿಕ್ ಸೋಡಾ ದ್ರಾವಣ. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾ ಮತ್ತು ಬಿಸಿ ಸೇರಿದರೆ ಸಾಬೂನು ಆಗುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ. ಧಾರಾಳವಾಗಿ ನೊರೆ ಕೊಡುವ ಸಾಬೂನು ಬೇಕೆಂದರೆ ಸಾಬೂನು ಮಾಡುವವರು ಹುಡುಕಿಕೊಂಡು ಹೋಗುವುದು ಇದೇ ಎಣ್ಣೆಯನ್ನು. ನೊರೆ ಇಳಿಸಲು ಹಾಕಿದ್ದು ನೊರೆಯ ಕಚ್ಚಾವಸ್ತುವಾಯಿತು.

ನಾನು ಶಿರಸಿಯ ಹತ್ತಿರ ಜೋನಿಬೆಲ್ಲದ, ಅಂದರೆ ದ್ರವರೂಪದ ಬೆಲ್ಲದ, ಸಣ್ಣ ಘಟಕ ನಡೆಸುತ್ತೇನೆ. ಕಬ್ಬಿನ ಹಂಗಾಮು ಮುಗಿದ ಮೇಲೆ ಕುಮಟಾ, ಅಂಕೋಲಾ, ಕಾರವಾರದ ಕಡೆ ಪರಿಚಯದವರ ಘಟಕಗಳಲ್ಲಿ ತ್ಯಾಜ್ಯನೀರಿನ ತೊಟ್ಟಿಗಳ ಕೆಲಸ ಮಾಡುತ್ತೇನೆ. ಗಟ್ಟದ ಮೇಲಿನ ಕೊಪ್ಪರಿಗೆಯ ನೊರೆಯನ್ನೂ ಗಟ್ಟದ ಕೆಳಗಿನ ಮೀನಿನ ನೀರಿನ ನೊರೆಯನ್ನೂ ನೋಡಿ ನನಗೆ ಖಚಿತವಾದ ಮಾತು ಒಂದೇ: ಎಲ್ಲ ನೊರೆಗೂ ಒಂದೇ ಎಣ್ಣೆ ಎಂಬುದಿಲ್ಲ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಗೊತ್ತಿರಬೇಕು. ನೊರೆ ಯಾವುದರಿಂದ ಹುಟ್ಟಿದೆ? ದ್ರವ ಎಷ್ಟು ಬಿಸಿ ಇದೆ? ಅದರ ಪಿಎಚ್ ಎಷ್ಟು? ಆ ದ್ರವ ಕೊನೆಗೆ ಹೋಗುವುದು ಮನುಷ್ಯರ ಹೊಟ್ಟೆಗೋ ಹೊಳೆಗೋ?

ಸಸ್ಯಮೂಲವೇ ಏಕೆ ಎಂದು ಕೇಳುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕಾಗದ ಉದ್ಯಮದಲ್ಲಿ ಕ್ಲೋರಿನ್ ಹಾಕಿ ಬಿಳುಪು ಮಾಡಿದ ತಿರುಳಿನಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಸಿಕ್ಕಿತು. ಮೂಲ ಹುಡುಕುತ್ತ ಹೋದಾಗ ಕಂಡ ದಾರಿಗಳಲ್ಲಿ ಒಂದು, ತಿರುಳು ತೊಳೆಯುವಾಗ ನೊರೆ ಇಳಿಸಲು ಬಳಸುತ್ತಿದ್ದ ಖನಿಜ ಎಣ್ಣೆ. ಅದರಲ್ಲಿದ್ದ ಕೆಲವು ಅಂಶಗಳೇ ಕ್ಲೋರಿನ್ ತಾಗಿದಾಗ ಡಯಾಕ್ಸಿನ್ ಆಗಿ ಮಾರ್ಪಡುತ್ತಿದ್ದವು. ನೊರೆ ಇಳಿಸಲು ಹಾಕುವುದು ಪ್ರಮಾಣದಲ್ಲಿ ಚಿಟಿಕೆಯಷ್ಟೇ ಇರಬಹುದು, ಆದರೆ ಅದು ಕೊನೆಯವರೆಗೂ ಪದಾರ್ಥದ ಜೊತೆಗೇ ಸಾಗುತ್ತದೆ.

ಹಂತ 1: ನೊರೆಯ ಕುಲ ಗುರುತಿಸಿ

ಶುದ್ಧ ನೀರು ಕುದಿಯುವಾಗ ಗುಳ್ಳೆ ಬರುತ್ತದೆ, ನಿಲ್ಲುವುದಿಲ್ಲ. ಗುಳ್ಳೆ ನಿಂತರೆ ಅದರ ಗೋಡೆಗೆ ಏನೋ ಆಧಾರ ಸಿಕ್ಕಿದೆ ಎಂದರ್ಥ. ಕಬ್ಬಿನ ಹಾಲಿನಲ್ಲಿ ಆ ಆಧಾರ ಪ್ರೋಟೀನು ಮತ್ತು ಅಂಟಿನಂಥ ಪದಾರ್ಥಗಳು. ಮೀನು ಸಂಸ್ಕರಣೆಯ ನೀರಿನಲ್ಲಿ ರಕ್ತ ಮತ್ತು ಮಾಂಸದ ಪ್ರೋಟೀನು. ಸೀಗೆಕಾಯಿ, ಅಂಟುವಾಳದ ಕೆಲಸ ಮಾಡುವ ಕಡೆ ಸಪೋನಿನ್ ಎಂಬ ಸಾಬೂನಿನಂಥ ಸಸ್ಯಾಂಶ. ತೊಳೆಯುವ ನೀರಿನಲ್ಲಿ ಡಿಟರ್ಜೆಂಟ್. ಮಳೆಗಾಲದಲ್ಲಿ ಕಾರವಾರದ ಕಡಲತಡಿಯಲ್ಲಿ ಅಲೆ ತಂದು ಒಟ್ಟುವ ಕಂದು ನೊರೆಯೂ ಇದೇ ಬಗೆಯದು: ಪಾಚಿ ಮತ್ತು ಕೊಳೆತ ಸಾವಯವ ಅಂಶ ನೀರಿನಲ್ಲಿ ಕರಗಿ, ಅಲೆಯ ಹೊಡೆತಕ್ಕೆ ಗಾಳಿಯನ್ನು ಹಿಡಿದಿಟ್ಟುಕೊಂಡದ್ದು.

ಸ್ವಲ್ಪ ನೊರೆಯನ್ನು ಗಾಜಿನ ಲೋಟಕ್ಕೆ ತೆಗೆದುಕೊಂಡು ನೋಡಿ. ಅಂಟಂಟಾಗಿ, ಕೆನೆಯಂತೆ ಬಹಳ ಹೊತ್ತು ನಿಂತರೆ ಪ್ರೋಟೀನಿನದ್ದು. ಬಿಳಿಯಾಗಿ, ಹಗುರವಾಗಿ, ಗಾಳಿಗೆ ಹಾರಿಹೋಗುವಂತಿದ್ದರೆ ಡಿಟರ್ಜೆಂಟಿನದ್ದಾಗಿರುವ ಸಂಭವ ಹೆಚ್ಚು. ತ್ಯಾಜ್ಯನೀರಿಗೆ ಗಾಳಿ ಊದುವ ತೊಟ್ಟಿಯಲ್ಲಿ ಕಂದು ಬಣ್ಣದ, ಜಿಡ್ಡು ಜಿಡ್ಡಾದ, ಸೌಟಿನಲ್ಲಿ ಎತ್ತಿದರೆ ಮುದ್ದೆಯಾಗಿ ಬರುವ ನೊರೆ ಕಂಡರೆ ಅಲ್ಲಿಗೆ ನಿಲ್ಲಿಸಿ, ಎಣ್ಣೆಯ ಯೋಚನೆ ಬಿಡಿ. ಕಾರಣವನ್ನು ಹಂತ 7ರಲ್ಲಿ ಹೇಳಿದ್ದೇನೆ.

ಎಣ್ಣೆಯ ಹನಿ ಮಾಡುವ ಕೆಲಸ

ಇದನ್ನು ತಿಳಿಯದೆ ಮುಂದಿನ ಆಯ್ಕೆ ಅರ್ಥವಾಗುವುದಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ, ಅಂದರೆ ದ್ರವದ ಮೇಲ್ಮೈ ತನ್ನನ್ನು ಬಿಗಿಯಾಗಿ ಎಳೆದು ಹಿಡಿಯುವ ಬಲ, ಮೀಟರಿಗೆ 72 ಮಿಲಿನ್ಯೂಟನ್. ನೊರೆ ಹುಟ್ಟಿಸುವ ಪದಾರ್ಥ ಸೇರಿದರೆ ಅದು ಇಳಿಯುತ್ತದೆ. ಅಡುಗೆ ಎಣ್ಣೆಗಳದ್ದು ಸುಮಾರು 33ರ ಆಸುಪಾಸು. ಎಣ್ಣೆಯ ಹನಿ ಗುಳ್ಳೆಯ ಗೋಡೆಗೆ ನುಗ್ಗಿ ಹರಡಿಕೊಂಡರೆ ಅಲ್ಲಿ ಗೋಡೆ ತೆಳುವಾಗಿ ಹರಿಯುತ್ತದೆ. ಹರಡುತ್ತದೋ ಇಲ್ಲವೋ ಎಂಬುದಕ್ಕೆ ಒಂದು ಸರಳ ಕಳೆಯುವ ಲೆಕ್ಕ ಸಾಕು: ದ್ರವದ ಎಳೆತದಿಂದ ಎಣ್ಣೆಯ ಎಳೆತವನ್ನೂ, ಎಣ್ಣೆ ಮತ್ತು ದ್ರವ ತಾಗುವ ಗಡಿಯ ಎಳೆತವನ್ನೂ ಕಳೆಯಿರಿ. ಉಳಿದದ್ದು ಸೊನ್ನೆಗಿಂತ ಹೆಚ್ಚಿದ್ದರೆ ಎಣ್ಣೆ ಹರಡುತ್ತದೆ.

ದ್ರವದ್ದು 50, ಗಡಿಯದ್ದು 8 ಎಂದುಕೊಳ್ಳೋಣ. 50ರಲ್ಲಿ 33 ಹೋಗಿ 17, ಅದರಲ್ಲಿ 8 ಹೋಗಿ 9. ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ಡಿಟರ್ಜೆಂಟ್ ತುಂಬಿದ ನೀರಿನ ಎಳೆತ 30ಕ್ಕೆ ಇಳಿದಿದ್ದರೆ ಮೊದಲ ಕಳೆಯುವಿಕೆಯಲ್ಲೇ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಯಿತು. ಅಲ್ಲಿ ಎಷ್ಟು ಕೊಡ ಎಣ್ಣೆ ಸುರಿದರೂ ಅದು ಹನಿಯಾಗಿಯೇ ತೇಲುತ್ತದೆ. ಸಿಲಿಕೋನ್ ಎಣ್ಣೆಯ ಎಳೆತ 21ರ ಹತ್ತಿರ ಇರುವುದರಿಂದಲೇ ಅದು ಅಂಥ ಕಡೆ ಗೆಲ್ಲುತ್ತದೆ. ಸಸ್ಯಮೂಲದ ಪರವಾಗಿ ಎಷ್ಟೇ ಒಲವಿದ್ದರೂ ಈ ಲೆಕ್ಕವನ್ನು ಮರೆಮಾಚಬಾರದು.

ಇನ್ನೊಂದು ಗುಟ್ಟಿದೆ. ಎಣ್ಣೆಯ ಹನಿಯೊಳಗೆ ನೀರಿಗೆ ಒಗ್ಗದ ಸಣ್ಣ ಗಟ್ಟಿ ಕಣಗಳಿದ್ದರೆ, ಅವು ಹನಿಯ ಮೈಯಿಂದ ಮುಳ್ಳಿನಂತೆ ಚಾಚಿ ಗುಳ್ಳೆಯ ಗೋಡೆಯನ್ನು ಚುಚ್ಚುತ್ತವೆ. ಬರಿಯ ಎಣ್ಣೆಗಿಂತ ಇಂಥ ಮಿಶ್ರಣ ಎಷ್ಟೋ ಪಾಲು ಚುರುಕು. ಸಿಲಿಕೋನ್ ನೊರೆನಾಶಕಗಳಲ್ಲಿ ಈ ಕೆಲಸಕ್ಕೆ ವಿಶೇಷವಾಗಿ ಸಂಸ್ಕರಿಸಿದ ಸಿಲಿಕಾ ಪುಡಿ ಹಾಕುತ್ತಾರೆ. ನಮ್ಮ ಕಡೆ ಅದರ ಬದಲಿಗೆ ಸಸ್ಯದ ಮೇಣವೂ ಬೀಜದಿಂದ ತೆಗೆದ ಗಟ್ಟಿ ತುಪ್ಪವೂ ಇವೆ.

ಹಂತ 2: ಏನನ್ನೂ ಹಾಕದೆ ಎಷ್ಟು ಇಳಿಯುತ್ತದೆ ನೋಡಿ

ಪೈಪು ತೊಟ್ಟಿಯ ಮೇಲಿನಿಂದ ಧುಮುಕುತ್ತಿದ್ದರೆ ಅದರ ಬಾಯಿಯನ್ನು ನೀರಿನೊಳಗೆ ಇಳಿಸಿ. ಪಂಪು ಗಾಳಿ ಎಳೆಯುತ್ತಿದ್ದರೆ ಅದರ ಸೀಲು ಬದಲಿಸಿ. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಒಲೆಯ ಬೆಂಕಿಯನ್ನು ಹಿಂದಕ್ಕೆ ಎಳೆಯಿರಿ. ತ್ಯಾಜ್ಯನೀರಿನ ತೊಟ್ಟಿಯ ಮೇಲೆ ಅಲ್ಲಿಂದ ಶುದ್ಧವಾಗಿ ಹೊರಬರುವ ತಿಳಿನೀರನ್ನೇ ಸಣ್ಣ ತೂತಿನ ಪೈಪಿನಿಂದ ಚಿಮುಕಿಸಿ. ನಾನು ಹೋದ ಕಡೆಗಳಲ್ಲೆಲ್ಲ ಇಷ್ಟರಿಂದಲೇ ನೊರೆ ಎದ್ದು ಕಾಣುವಷ್ಟು ಇಳಿದಿದೆ. ಉಳಿದದ್ದಕ್ಕೆ ಮಾತ್ರ ಎಣ್ಣೆ.

ಹಂತ 3: ಎಣ್ಣೆ ಆರಿಸುವುದು

ಉತ್ತರ ಕನ್ನಡದಲ್ಲಿ ಕೈಗೆ ಸಿಗುವ ಕೊಬ್ಬಿನ ಪದಾರ್ಥಗಳನ್ನೇ ಒಂದೊಂದಾಗಿ ತೂಗಿ ನೋಡುತ್ತೇನೆ.

ಕೊಬ್ಬರಿ ಎಣ್ಣೆ ಎಲ್ಲರ ಮನೆಯಲ್ಲೂ ಇದೆ, ರುಚಿ ಕೆಡಿಸುವುದಿಲ್ಲ, ಬಿಸಿ ದ್ರವದಲ್ಲಿ ಬೇಗ ಹರಡುತ್ತದೆ. ತೊಂದರೆ ಎರಡು. ಕಾಸ್ಟಿಕ್ ಸೋಡಾ ಇರುವ ಕಡೆ ಅದು ಶತ್ರು ಎಂದು ಮೊದಲೇ ಹೇಳಿದೆ. ಎರಡನೆಯದು, 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕಾರವಾರದಲ್ಲಿ ಇದು ದೊಡ್ಡ ಚಿಂತೆಯಲ್ಲ. ಶಿರಸಿ, ಸಿದ್ದಾಪುರದಲ್ಲಿ ಆಲೆಮನೆಯ ಕಾಲವೇ ಚಳಿಗಾಲದ ಕೊನೆ. ಬೆಳಗಿನ ಐದು ಗಂಟೆಗೆ ಗಾಣ ಶುರುಮಾಡಿದಾಗ ಹನಿ ಬಿಡುವ ನಳಿಕೆಯಲ್ಲಿ ಎಣ್ಣೆ ಕಲ್ಲಾಗಿರುತ್ತದೆ. ಹನಿ ಬೀಳುತ್ತಿದೆ ಎಂದುಕೊಂಡು ನಾವು ಬೇರೆ ಕೆಲಸ ನೋಡುತ್ತಿರುವಾಗ ಕೊಪ್ಪರಿಗೆ ಉಕ್ಕಿ ಒಲೆಗೆ ಹರಿದದ್ದು ನನ್ನ ಮೊದಲ ವರ್ಷದ ಪಾಠ. ಈಗ ಡಬ್ಬಿಯನ್ನು ಒಲೆಯ ಬದಿಯ ಬೆಚ್ಚಗಿನ ಕಟ್ಟೆಯ ಮೇಲೆ ಇಡುತ್ತೇನೆ.

ಹರಳೆಣ್ಣೆ ಆಲೆಮನೆಗಳಲ್ಲಿ ಹಳೆಯ ಪರಿಚಯದ್ದು. ಚಳಿಗೆ ಹೆಪ್ಪುಗಟ್ಟುವುದಿಲ್ಲ, ಬಿಸಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಹರಳಿನ ಬೀಜವನ್ನು ಜಜ್ಜಿ ಕೊಪ್ಪರಿಗೆಗೆ ಹಾಕುವ ರೂಢಿಯನ್ನು ದಯವಿಟ್ಟು ಬಿಟ್ಟುಬಿಡಿ. ಬೀಜದಲ್ಲಿ ರಿಸಿನ್ ಎಂಬ ವಿಷದ ಪ್ರೋಟೀನಿದೆ. ಎಣ್ಣೆ ತೆಗೆದಾಗ ಅದು ಹಿಂಡಿಯಲ್ಲಿ ಉಳಿಯುತ್ತದೆ, ಎಣ್ಣೆಗೆ ಬರುವುದಿಲ್ಲ. ಕುದಿತಕ್ಕೆ ರಿಸಿನ್ ಕೆಡುತ್ತದೆ ಎಂಬುದು ನಿಜವಾದರೂ, ಬೀಜ ಜಜ್ಜುವ ಕೈ, ಆ ಕಲ್ಲು, ಆ ಪುಡಿ ಬಿದ್ದ ಕಟ್ಟೆ ಇವೆಲ್ಲ ಕುದಿಯುವುದಿಲ್ಲ. ಸೋಸಿದ, ತಿನ್ನಲು ಯೋಗ್ಯವಾದ ಎಣ್ಣೆಯನ್ನೇ ತನ್ನಿ.

ಶೇಂಗಾ ಎಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಾರುವ ಪದಾರ್ಥಕ್ಕೆ ಮಾತ್ರ ನಾನು ಬಳಸುವುದಿಲ್ಲ. ಶೇಂಗಾ ಅಲರ್ಜಿ ಇರುವವರು ಬೆಲ್ಲದ ಡಬ್ಬಿಯ ಮೇಲೆ ಶೇಂಗಾದ ಹೆಸರನ್ನು ಹುಡುಕುವುದಿಲ್ಲ. ನಾವು ಬಳಸಿದರೆ ನಮೂದಿಸಲೇಬೇಕು. ಅಕ್ಕಿ ತೌಡಿನ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆಯಿಂದ ಅದೇ ಕೆಲಸ ಆಗುತ್ತದೆ.

ಮುರುಗಲ (ಪುನರ್ಪುಳಿ) ತುಪ್ಪದ ಬಗ್ಗೆ ನನಗೆ ವಿಶೇಷ ಪ್ರೀತಿ. ಮುರುಗಲ ಸಿಪ್ಪೆಯನ್ನು ಶರಬತ್ತಿಗೆ ತೆಗೆದ ಮೇಲೆ ಉಳಿಯುವ ಬೀಜದಿಂದ ಬರುವ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ. ಸುಮಾರು 38ರಿಂದ 42 ಡಿಗ್ರಿಯವರೆಗೆ ಗಟ್ಟಿಯಾಗಿಯೇ ಇರುತ್ತದೆ. ಬಿಸಿ ಕೊಪ್ಪರಿಗೆಯಲ್ಲಿ ಇದು ಕರಗಿದ ಎಣ್ಣೆಯೇ ಹೊರತು ಬೇರೇನೂ ಅಲ್ಲ. ಆದರೆ 28, 30 ಡಿಗ್ರಿಯ ತಣ್ಣನೆ ನೀರಿನಲ್ಲಿ, ತೆಳು ಎಣ್ಣೆಯೊಳಗೆ ಹರಳುಗಟ್ಟಿದ ಮುರುಗಲ ತುಪ್ಪವೇ ನಾನು ಮೊದಲು ಹೇಳಿದ ಮುಳ್ಳು. ಮುರುಗಲದ ಜಾತಿಯದೇ ಆದ ಉಪ್ಪಗೆಯ ತುಪ್ಪವನ್ನೂ ಹೀಗೆ ಪರೀಕ್ಷಿಸಿ ನೋಡಬಹುದು. ಗಟ್ಟದ ಹಳ್ಳಿಗಳಲ್ಲಿ ಅಡುಗೆಗೇ ಬಳಸುವ ಪದಾರ್ಥ ಅದು.

ಬೇವಿನ ಎಣ್ಣೆ, ಹೊಂಗೆ ಎಣ್ಣೆ ಅಗ್ಗವೆಂದು ತ್ಯಾಜ್ಯನೀರಿಗೆ ಸುರಿಯಬೇಡಿ. ಕೀಟಗಳನ್ನು ತಡೆಯುವ ಅಂಶಗಳು ಅವುಗಳಲ್ಲಿರುವುದರಿಂದಲೇ ತೋಟಕ್ಕೆ ಸಿಂಪಡಿಸುತ್ತೇವೆ. ಹೊಳೆಯ ಸಣ್ಣ ಜೀವಿಗಳಿಗೂ ಅದು ಒಳ್ಳೆಯದಲ್ಲ.

ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಹಾಕುವ ರೂಢಿಯನ್ನು ನೊರೆ ಇಳಿಸುವ ಉಪಾಯ ಎಂದು ಹಲವರು ತಿಳಿದಿದ್ದಾರೆ. ಅದರ ಕೆಲಸ ಬೇರೆ. ಲೋಳೆ ಹಾಲಿನಲ್ಲಿರುವ ಕೊಳೆಯನ್ನು, ಪ್ರೋಟೀನನ್ನು ಒಟ್ಟುಗೂಡಿಸಿ ಮೇಲಕ್ಕೆ ತರುತ್ತದೆ. ಆ ಮಡ್ಡಿಯನ್ನು ಬಾಚಿ ತೆಗೆದರೆ ಮುಂದೆ ನೊರೆ ಹುಟ್ಟಿಸುವ ಸರಕೇ ಕಡಿಮೆಯಾಗುತ್ತದೆ. ಬಾಚದೆ ಬಿಟ್ಟರೆ, ಅಥವಾ ಕುದಿ ಬಂದ ಮೇಲೆ ಹಾಕಿದರೆ, ಲೋಳೆಯ ಅಂಟು ಗುಳ್ಳೆಯ ಗೋಡೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಲೋಳೆ ಮೊದಲು, ಎಣ್ಣೆ ಆಮೇಲೆ. ಈ ಕ್ರಮ ತಪ್ಪಬಾರದು.

ಅಂಗಡಿಯಿಂದ ಸಿದ್ಧ ನೊರೆನಾಶಕ ತರುವವರಿಗೊಂದು ಮಾತು. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ ಇದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಸಸ್ಯಮೂಲದ್ದಲ್ಲ. ಸಸ್ಯದ ಎಣ್ಣೆಗೆ ಸಿಲಿಕೋನ್ ಅಥವಾ ಖನಿಜ ಎಣ್ಣೆ ಬೆರೆಸಿದ ಸರಕೂ ಮಾರಾಟವಾಗುತ್ತದೆ. ಘಟಕಾಂಶದ ಪತ್ರ ಕೇಳಿ ಪಡೆಯಿರಿ, ಕೊಡದಿದ್ದರೆ ಬಿಟ್ಟು ಬನ್ನಿ.

ಹಂತ 4: ಜಾಡಿ ಪರೀಕ್ಷೆ

ಈ ಹಂತವನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ಬೇಕಾದದ್ದು ಇಷ್ಟೇ: ಒಂದು ಲೀಟರಿನ ಗಾಜಿನ ಅಳತೆಯ ಜಾಡಿ, ಮೀನು ಸಾಕುವ ಪೆಟ್ಟಿಗೆಗೆ ಹಾಕುವ ಗಾಳಿಪಂಪು ಮತ್ತು ಅದರ ಕಲ್ಲು, ಥರ್ಮಾಮೀಟರ್, ಕಣ್ಣಿಗೆ ಔಷಧ ಹಾಕುವಂಥ ಹನಿ ನಳಿಕೆ, ಮೊಬೈಲಿನ ಗಡಿಯಾರ.

ನಿಮ್ಮ ಘಟಕದ ದ್ರವವನ್ನೇ 200 ಮಿಲಿಲೀಟರ್ ತೆಗೆದುಕೊಳ್ಳಿ, ಒಂದು ಗಂಟೆಯೊಳಗೆ ಪರೀಕ್ಷೆ ಮುಗಿಸಿ. ಕಬ್ಬಿನ ಹಾಲಾಗಲಿ ಮೀನಿನ ನೀರಾಗಲಿ ನಿಂತರೆ ಹುಳಿತು ಗುಣ ಬದಲಿಸುತ್ತದೆ. ಜಾಡಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕೆಲಸದ ಬಿಸಿಗೆ ಆದಷ್ಟು ಹತ್ತಿರ ತನ್ನಿ. ಪಂಪು ಹಾಕಿ. ನೊರೆ 800ರ ಗೆರೆ ಮುಟ್ಟಿದಾಗ ಒಂದು ಹನಿ ಬಿಡಿ. ಎರಡು ಸಂಗತಿ ಬರೆದುಕೊಳ್ಳಿ: ನೊರೆ 400ಕ್ಕೆ ಇಳಿಯಲು ಎಷ್ಟು ಸೆಕೆಂಡು ಬೇಕಾಯಿತು, ಮತ್ತೆ 800ಕ್ಕೆ ಏರಲು ಎಷ್ಟು ನಿಮಿಷ ಹಿಡಿಯಿತು. ಮೊದಲನೆಯದು ಹೊಡೆತ, ಎರಡನೆಯದು ತಾಳಿಕೆ. ಕೊಪ್ಪರಿಗೆಗೆ ಹೊಡೆತ ಮುಖ್ಯ, ಇಡೀ ದಿನ ಗಾಳಿ ಊದುವ ತೊಟ್ಟಿಗೆ ತಾಳಿಕೆ ಮುಖ್ಯ. ಒಂದರಲ್ಲಿ ಗೆದ್ದ ಎಣ್ಣೆ ಇನ್ನೊಂದರಲ್ಲಿ ಸೋಲುವುದನ್ನು ನೀವೇ ನೋಡುವಿರಿ.

ಪ್ರಮಾಣದ ಲೆಕ್ಕದಲ್ಲಿ ಎಡವುವವರು ಬಹಳ. ಎಣ್ಣೆಯ ಒಂದು ಹನಿ ಸುಮಾರು 30 ಮಿಲಿಗ್ರಾಂ ಇದ್ದರೆ, 200 ಮಿಲಿಲೀಟರಿಗೆ ಅದು 150 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 150 ಪಾಲು) ಆಯಿತು. ಅಷ್ಟು ಹಾಕಿದರೆ ಹೆಚ್ಚುಕಡಿಮೆ ಯಾವ ಎಣ್ಣೆಯೂ ಗೆಲ್ಲುತ್ತದೆ, ಹೋಲಿಕೆಗೆ ಅರ್ಥವಿರುವುದಿಲ್ಲ. ಅದಕ್ಕೇ ಮುಂದಿನ ಹಂತದಲ್ಲಿ ಹೇಳುವಂತೆ ಎಣ್ಣೆಯನ್ನು ನೀರಿನಲ್ಲಿ ಶೇಕಡಾ 10ಕ್ಕೆ ಕದಡಿಕೊಳ್ಳಿ. ಅದರ ಒಂದು ಹನಿ 50 ಮಿಲಿಗ್ರಾಂ ಇದ್ದರೆ ಎಣ್ಣೆ 5 ಮಿಲಿಗ್ರಾಂ, ಅಂದರೆ 25 ಪಿಪಿಎಂ. ನಿಮ್ಮ ನಳಿಕೆಯಿಂದ 20 ಹನಿ ತೂಗಿ, ನಿಮ್ಮದೇ ಹನಿಯ ತೂಕ ಕಂಡುಕೊಳ್ಳಿ.

ಪ್ರತಿ ಪರೀಕ್ಷೆಯ ನಂತರ ಜಾಡಿಯನ್ನು ಸಾಬೂನಿನಿಂದ ತೊಳೆದು, ಬಿಸಿನೀರಿನಲ್ಲಿ ಐದಾರು ಸಲ ಜಾಲಿಸಿ. ಹಿಂದಿನ ಎಣ್ಣೆಯ ಪಸೆ ಉಳಿದರೆ ಮುಂದಿನ ಎಣ್ಣೆ ಸುಳ್ಳುಸುಳ್ಳೇ ಚೆನ್ನಾಗಿ ಕಾಣುತ್ತದೆ; ಸಾಬೂನು ಉಳಿದರೆ ಸುಳ್ಳುಸುಳ್ಳೇ ಕೆಟ್ಟದಾಗಿ ಕಾಣುತ್ತದೆ. ಏನೂ ಹಾಕದ ಜಾಡಿಯನ್ನು ದಿನದ ಮೊದಲಿಗೂ ಕೊನೆಗೂ ಒಮ್ಮೆ ಓಡಿಸಿ ತಾಳೆ ನೋಡಿ.

ಹಂತ 5: ಮೂರು ತಯಾರಿ

ಬರಿಯ ಎಣ್ಣೆ ಮೊದಲನೆಯದು. ಕೊಪ್ಪರಿಗೆಯ ಕುದಿತವೇ ಅದನ್ನು ಹನಿಯಾಗಿ ಒಡೆಯುವುದರಿಂದ ಬೇರೆ ಸಂಸ್ಕಾರ ಬೇಡ.

ತಣ್ಣನೆ ದ್ರವಕ್ಕೆ ಕದಡಿದ ಎಣ್ಣೆ ಬೇಕು. 100 ಗ್ರಾಂ ಎಣ್ಣೆಗೆ 5 ಗ್ರಾಂ ಸೂರ್ಯಕಾಂತಿ ಲೆಸಿಥಿನ್ (ಎಣ್ಣೆ ನೀರಿನಲ್ಲಿ ಬೆರೆತು ನಿಲ್ಲುವಂತೆ ಮಾಡುವ ಪದಾರ್ಥ) ಬೆರೆಸಿ ಬೆಚ್ಚಗೆ ಮಾಡಿ. ಸುಮಾರು 900 ಗ್ರಾಂ ಬೆಚ್ಚನೆ ನೀರಿಗೆ ಅದನ್ನು ಸಣ್ಣ ಧಾರೆಯಾಗಿ ಬಿಡುತ್ತ ಕಡೆಯಿರಿ. ಅಡುಗೆಮನೆಯ ಮಿಕ್ಸರ್ ಸಾಕು, ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಹನಿಗಳು ಕೆಲವು ಮೈಕ್ರಾನಿನಿಂದ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಹತ್ತಿಪ್ಪತ್ತು ಮೈಕ್ರಾನಿನವರೆಗೆ ಇದ್ದರೆ ನೊರೆ ಒಡೆಯುತ್ತವೆ. ಹಾಲಿನಂತೆ ತೀರಾ ನುಣ್ಣಗಾದರೆ ಗುಳ್ಳೆಯ ಗೋಡೆಯೊಳಗೆ ಸುಮ್ಮನೆ ಕುಳಿತುಬಿಡುತ್ತವೆ. ಲೆಸಿಥಿನ್ ಹೆಚ್ಚಾದರೂ ಇದೇ ಗತಿ. ಬೆಳಿಗ್ಗೆ ಮಾಡಿದ್ದನ್ನು ಸಂಜೆಯೊಳಗೆ ಮುಗಿಸಿ, ಹಾಕುವ ಮುನ್ನ ಪ್ರತಿ ಸಲ ಕುಲುಕಿ. ಮರುದಿನಕ್ಕೆ ಇಟ್ಟರೆ ನಮ್ಮ ಸೆಕೆಗೆ ಹುಳಿಯುತ್ತದೆ.

ಮೂರನೆಯದು ಕಣ ಸೇರಿಸಿದ ಎಣ್ಣೆ. ತಣ್ಣನೆ ತೊಟ್ಟಿಗಾದರೆ 90 ಗ್ರಾಂ ತೌಡಿನ ಎಣ್ಣೆಗೆ 10 ಗ್ರಾಂ ಮುರುಗಲ ತುಪ್ಪ ಹಾಕಿ, 60 ಡಿಗ್ರಿಗೆ ಕಾಯಿಸಿ, ಪೂರ್ತಿ ಕರಗಿದ ಮೇಲೆ ಕೈಯಾಡಿಸುತ್ತಲೇ ಆರಿಸಿ. ಕದಡದೆ ಆರಿಸಿದರೆ ದಪ್ಪ ಗಂಟಾಗುತ್ತದೆ, ಉಪಯೋಗವಿಲ್ಲ. ಎಣ್ಣೆ ಮಂಜು ಕವಿದಂತೆ ಮಸುಕಾದರೆ ಹರಳು ಸರಿಯಾಗಿ ಕೂತಿದೆ ಎಂದರ್ಥ. 60, 70 ಡಿಗ್ರಿಯ ದ್ರವಕ್ಕೆ ಮುರುಗಲ ತುಪ್ಪ ಆಗದು, ಕರಗಿಹೋಗುತ್ತದೆ. ಅಲ್ಲಿ ತೌಡಿನ ಎಣ್ಣೆ ಶುದ್ಧೀಕರಿಸುವಾಗ ಸಿಗುವ ತೌಡಿನ ಮೇಣ ಬಳಸಿ. ಅದು ಕರಗುವುದು ಸುಮಾರು 80 ಡಿಗ್ರಿಯಲ್ಲಿ. 100 ಗ್ರಾಂ ಎಣ್ಣೆಗೆ 3ರಿಂದ 5 ಗ್ರಾಂ ಮೇಣ ಹಾಕಿ, 90 ಡಿಗ್ರಿಗೆ ಕಾಯಿಸಿ, ಅದೇ ರೀತಿ ಕದಡುತ್ತ ಆರಿಸಿ. ನೇರ ಬೆಂಕಿಯ ಮೇಲೆ ಇಡಬೇಡಿ, ನೀರು ಕುದಿಯುವ ಪಾತ್ರೆಯೊಳಗೆ ಇಟ್ಟು ಕಾಯಿಸಿ.

ಹಂತ 6: ಕೊಪ್ಪರಿಗೆಯಲ್ಲಿ

ಸೋಸಿದ ಹಾಲನ್ನು ಕೊಪ್ಪರಿಗೆಗೆ ಹಾಕಿ, ಕುದಿ ಬರುವ ಮೊದಲೇ ಬೆಂಡೆ ಲೋಳೆ ಬೆರೆಸಿ. ದಪ್ಪ ಮಡ್ಡಿ ಮೇಲೇಳುತ್ತದೆ. ಅದು ಒಡೆದು ಮತ್ತೆ ಬೆರೆಯುವ ಮುನ್ನ, ಕುದಿತ ಜೋರಾಗದಂತೆ ಬೆಂಕಿ ಹಿಡಿದು, ಪೂರ್ತಿ ಬಾಚಿ ತೆಗೆಯಿರಿ. ಈ ಅರ್ಧ ಗಂಟೆಯಲ್ಲಿ ಅವಸರ ಮಾಡಿದವರೇ ಮುಂದೆ ಎಣ್ಣೆಯ ಡಬ್ಬಿ ಖಾಲಿ ಮಾಡುತ್ತಾರೆ.

ಸುಣ್ಣದ ತಿಳಿ ಹಾಕುವ ರೂಢಿ ಇದ್ದರೆ ಮಿತವಾಗಿರಲಿ. ಕಬ್ಬಿನ ಹಾಲು ಸಹಜವಾಗಿ ಹುಳಿಯ ಕಡೆಗೆ, ಪಿಎಚ್ ಐದರ ಚಿಲ್ಲರೆಯಲ್ಲಿ ಇರುತ್ತದೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಸುಣ್ಣಕ್ಕೂ ಕಾಸ್ಟಿಕ್ ಸೋಡಾಕ್ಕೂ ಇರುವ ವ್ಯತ್ಯಾಸ ಇಲ್ಲಿ ಗಮನಿಸತಕ್ಕದ್ದು. ಕಾಸ್ಟಿಕ್ ಸೋಡಾದ ಸೋಡಿಯಂ ಜೊತೆ ಎಣ್ಣೆಯ ಆಮ್ಲ ಸೇರಿದರೆ ನೀರಿನಲ್ಲಿ ಕರಗಿ ನೊರೆ ಕೊಡುವ ಸಾಬೂನು. ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿದರೆ ನೀರಿನಲ್ಲಿ ಕರಗದ ಸಾಬೂನು. ಕರಗದ ಆ ಕಣ ನೊರೆಯನ್ನು ಚುಚ್ಚುವ ಪಕ್ಷಕ್ಕೇ ಸೇರುತ್ತದೆ. ಗಡಸು ನೀರಿನಲ್ಲಿ ಬಟ್ಟೆ ಒಗೆಯುವಾಗ ಸಾಬೂನು ನೊರೆ ಕೊಡದೆ ಗಷ್ಟಿನಂತೆ ನಿಲ್ಲುವುದು ಇದೇ ಕಾರಣಕ್ಕೆ.

ಬಿರುಸು ಕುದಿತ ಶುರುವಾದಾಗ ಎಣ್ಣೆಯ ಸರದಿ. ನಮ್ಮ ಮನೆಯ ಹಿರಿಯರು ಒಮ್ಮೆ ನನ್ನ ಕೈಯಿಂದ ಡಬ್ಬಿ ಕಸಿದುಕೊಂಡು, "ತಮ್ಮಾ, ಮೊದಲು ಅಂಚಿಗೆ ಸವರು, ಒಳಗೆ ಸುರಿಯುವುದು ಆಮೇಲೆ" ಎಂದಿದ್ದರು. ಹಾಲಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ ಕೊಪ್ಪರಿಗೆಯ ಒಳಮೈಗೆ ಎಣ್ಣೆ ಬಟ್ಟೆಯಿಂದ ಒಂದು ಪಟ್ಟಿ ಎಳೆದರೆ, ಏರಿ ಬಂದ ನೊರೆ ಅದನ್ನು ತಾಗಿ ಅಲ್ಲೇ ಒಡೆಯುತ್ತದೆ. ಬೇಡದ ಹೊತ್ತಿನಲ್ಲಿ ಎಣ್ಣೆ ಖರ್ಚಾಗುವುದಿಲ್ಲ. ಒಲೆ ಹೊತ್ತಿಸುವ ಮೊದಲೇ, ಪಾತ್ರೆ ತಣ್ಣಗಿರುವಾಗಲೇ ಸವರಿ.

ಇದನ್ನೂ ಮೀರಿ ಬಂದರೆ ಹನಿ ಬಿಡಿ. 300 ಲೀಟರ್ ಹಾಲಿಗೆ ಇಡೀ ಪಾಕಕ್ಕೆ ನನಗೆ 10ರಿಂದ 20 ಮಿಲಿಲೀಟರ್ ಸಾಲುತ್ತದೆ, ಅದನ್ನೂ ನಾಲ್ಕೈದು ಸಲಕ್ಕೆ ಹಂಚಿ ಹಾಕುತ್ತೇನೆ. ನೀರು ಆವಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಆ 300 ಲೀಟರು ಸುಮಾರು 70 ಕಿಲೋ ಜೋನಿಬೆಲ್ಲಕ್ಕೆ ಇಳಿದಾಗ 20 ಮಿಲಿಲೀಟರ್ ಎಣ್ಣೆ ಕಿಲೋಗೆ 260 ಮಿಲಿಗ್ರಾಂ ಆಗುತ್ತದೆ. ತಾಜಾ ಕೊಬ್ಬರಿ ಎಣ್ಣೆಯಾದರೆ ನಾಲಿಗೆಗೆ ಗೊತ್ತಾಗದು. ಮುಗ್ಗಲು ಎಣ್ಣೆಯಾದರೆ ಒಂದು ತಿಂಗಳಲ್ಲಿ ಡಬ್ಬಿಯೆಲ್ಲ ಅದೇ ವಾಸನೆ. ಪಾಕ 105, 106 ಡಿಗ್ರಿಗೆ ಬಂದು ಜೋನಿಬೆಲ್ಲ ಇಳಿಸುವ ಹೊತ್ತಿಗೆ ನೊರೆ ದಪ್ಪಗಾಗಿ ತಾನಾಗಿ ನಿಧಾನವಾಗುತ್ತದೆ. ಆಗ ಎಣ್ಣೆ ಹಾಕಬೇಡಿ. ಮಕ್ಕಳು ನೊರೆಬೆಲ್ಲಕ್ಕೆ ಬಾಳೆಎಲೆ ಹಿಡಿದು ನಿಂತಿರುತ್ತಾರೆ, ಅವರ ಪಾಲನ್ನು ಎತ್ತಿಕೊಡಿ.

ಹಂತ 7: ಗಾಳಿ ಊದುವ ತೊಟ್ಟಿಯಲ್ಲಿ

ಹಂತ 1ರಲ್ಲಿ ಹೇಳಿದ ಕಂದು ಜಿಡ್ಡಿನ ನೊರೆ ಇಲ್ಲಿಯದು. ದಾರದಂತೆ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹುಟ್ಟಿಸುತ್ತವೆ, ಅವುಗಳಿಗೆ ಕೊಬ್ಬು ಇಷ್ಟದ ಆಹಾರ. ಸಸ್ಯದ ಎಣ್ಣೆ ಸುರಿದರೆ ಅವುಗಳಿಗೆ ಊಟ ಬಡಿಸಿದಂತೆ. ಮಾಡಬೇಕಾದದ್ದು ಬೇರೆ: ಮೇಲಿನ ನೊರೆಯನ್ನು ಬಾಚಿ ಹೊರಗೆ ತೆಗೆಯಿರಿ, ಅದನ್ನು ಮತ್ತೆ ತೊಟ್ಟಿಗೆ ಬಿಡಬೇಡಿ. ತೊಟ್ಟಿಯ ಕೆಸರನ್ನು (ಕೊಳೆ ತಿನ್ನುವ ಜೀವಾಣುಗಳ ಮುದ್ದೆ) ದಿನವೂ ಸ್ವಲ್ಪ ಹೆಚ್ಚು ಹೊರಹಾಕಿ, ಅದು ತೊಟ್ಟಿಯಲ್ಲಿ ಉಳಿಯುವ ದಿನಗಳನ್ನು ಇಳಿಸಿ. ನೀರು ತೊಟ್ಟಿಗೆ ಬರುವ ಮೊದಲೇ ಮೀನಿನ ಜಿಡ್ಡನ್ನು ಹಿಡಿಯುವ ಗುಂಡಿಯನ್ನು ಸರಿಪಡಿಸಿ.

ಬಿಳಿ ನೊರೆಯಾದರೆ, ತೊಟ್ಟಿ ಹೊಸದೋ, ಕೆಸರು ಸಾಲದೋ, ಒಮ್ಮೆಲೇ ರಕ್ತದ ನೀರು ಬಂತೋ ಎಂದು ನೋಡಿ. ಅದು ಸರಿಹೋಗುವ ತನಕ ಮಾತ್ರ ಕದಡಿದ ಎಣ್ಣೆಯನ್ನು ಚಿಮುಕಿಸುವ ನೀರಿನ ಜೊತೆ ಬಿಡಿ. ಮುರುಗಲ ಹರಳಿನ ಮಿಶ್ರಣವನ್ನು ಮಾತ್ರ ಕಾಯಿಸದೆ, ತಣ್ಣನೆ ನೀರಿನಲ್ಲೇ ಕದಡಿಕೊಳ್ಳಿ. ಬಿಸಿ ತಾಗಿದರೆ ಹರಳು ಕರಗುತ್ತದೆ. 5 ಪಿಪಿಎಂನಿಂದ ಶುರುಮಾಡಿ. ದಿನಕ್ಕೆ 50 ಸಾವಿರ ಲೀಟರ್ ನೀರಿರುವ ಘಟಕದಲ್ಲಿ 20 ಪಿಪಿಎಂ ಎಂದರೆ ದಿನಕ್ಕೆ ಒಂದು ಕಿಲೋ ಎಣ್ಣೆ. ಒಂದು ಕಿಲೋ ಎಣ್ಣೆ ಪೂರ್ತಿ ಜೀರ್ಣವಾಗಲು ಸುಮಾರು 2.9 ಕಿಲೋ ಆಮ್ಲಜನಕ ಬೇಕು, ಅದನ್ನು ನಿಮ್ಮ ಬ್ಲೋವರೇ (ಗಾಳಿ ಊದುವ ಯಂತ್ರ) ಕೊಡಬೇಕು. ಅದರ ಮೇಲೆ, ನೊರೆನಾಶಕ ನೀರಿನೊಳಗಿನ ಸಣ್ಣ ಗುಳ್ಳೆಗಳನ್ನೂ ಒಂದುಗೂಡಿಸಿ ದೊಡ್ಡದು ಮಾಡುವುದರಿಂದ ಆಮ್ಲಜನಕ ಕರಗುವುದೂ ಕಡಿಮೆಯಾಗುತ್ತದೆ. ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗೆ ಇಳಿದರೆ ಎಣ್ಣೆ ತಕ್ಷಣ ನಿಲ್ಲಿಸಿ. ಅರ್ಧ ದಿನ ನೊರೆ ಇದ್ದರೆ ಯಾರೂ ಸಾಯುವುದಿಲ್ಲ, ತೊಟ್ಟಿಯ ಜೀವಾಣು ಸತ್ತರೆ ಮತ್ತೆ ಬೆಳೆಸಲು ವಾರಗಟ್ಟಲೆ ಬೇಕು.

ಎಣ್ಣೆ ಬೇಡವೇ ಬೇಡ ಎನ್ನುವ ಕಡೆಗಳೂ ಇವೆ. ಗೇರುಬೀಜ ಬೇಯಿಸುವ ಘಟಕಗಳ ಬಾಯ್ಲರಿನಲ್ಲಿ ನೊರೆ ಬಂದರೆ ಒಂದು ಹನಿ ಎಣ್ಣೆಯನ್ನೂ ಹಾಕಬಾರದು. ಎಣ್ಣೆ ಕೊಳವೆಗೆ ಮೆತ್ತಿಕೊಂಡರೆ ಲೋಹ ಅತಿಯಾಗಿ ಕಾಯ್ದು ಒಡೆಯುತ್ತದೆ, ಅದು ಜೀವದ ಪ್ರಶ್ನೆ. ನೀರಿನ ಲವಣಾಂಶ ನೋಡಿ ಬ್ಲೋಡೌನ್ ಮಾಡಿ, ಅಂದರೆ ಬಾಯ್ಲರಿನ ಲವಣ ಕೂಡಿದ ನೀರನ್ನು ಸ್ವಲ್ಪ ಹೊರಬಿಡಿ. ನೀರು ಸೋಸುವ ಪೊರೆ ಇರುವ ಕಡೆಯೂ ಎಣ್ಣೆ ಪೊರೆಯನ್ನು ಮುಚ್ಚುತ್ತದೆ. ಕಾಸ್ಟಿಕ್ ಸೋಡಾ ತೊಟ್ಟಿಗೆ ಕಡಿಮೆ ನೊರೆಯ ತೊಳೆಯುವ ಪುಡಿ ತರುವುದೇ ಪರಿಹಾರ.

ಹಂತ 8: ನೀರು ಹೊರಹೋಗುವ ಬಾಯಿಯಲ್ಲಿ

ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹೊಳೆ, ಕೆರೆಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 10 ಮಿಲಿಗ್ರಾಂ ಮೀರಬಾರದು, ಕಡಲತಡಿಗೆ ಬಿಡುವುದಾದರೆ 20. ಸಸ್ಯದ ಎಣ್ಣೆಗೆ ಇದರಿಂದ ವಿನಾಯಿತಿ ಇಲ್ಲ. ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ, ಕಡಲು ಸೇರುವುದು ಕುಮಟಾ ತಾಲೂಕಿನಲ್ಲಿ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಣೆಯಾಗಿದೆ. ಅಳಿವೆಯ ಕೆಸರಿನಲ್ಲಿ ಬಳಚು ಹೆಕ್ಕಿ ಬದುಕುವ ಮನೆಗಳಿಗೂ ನನ್ನ ಕೊಪ್ಪರಿಗೆ ತೊಳೆದ ನೀರಿಗೂ ನಡುವೆ ಇರುವುದು ಒಂದು ಹೊಳೆ ಮಾತ್ರ.

ಆದ್ದರಿಂದ ತೊಳೆದ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡದೆ ಮೂರು ಅಂಕಣದ ಗುಂಡಿಯಿಂದ ಹಾಯಿಸಿ. ಅಂಕಣಗಳ ನಡುವಿನ ತೂತು ತಳದ ಹತ್ತಿರ ಇರಲಿ, ಆಗ ತೇಲುವ ಎಣ್ಣೆ ಮೊದಲೆರಡರಲ್ಲೇ ಉಳಿಯುತ್ತದೆ. ಮೂರನೆಯ ಅಂಕಣದ ನೀರನ್ನು ವಾರಕ್ಕೊಮ್ಮೆ ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ನೋಡಿ. ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಕೊಪ್ಪರಿಗೆಯಲ್ಲಿ ಬಳಸುವ ಎಣ್ಣೆಯನ್ನು ಕಾಲು ಭಾಗ ಇಳಿಸಿ, ಮತ್ತೆ ಜಾಡಿ ಪರೀಕ್ಷೆ ಮಾಡಿ. ಪೊರೆ ಕಾಣದಿದ್ದರೂ ಹಂಗಾಮಿಗೊಮ್ಮೆ ಪ್ರಯೋಗಾಲಯದಲ್ಲಿ ಎಣ್ಣೆ ಮತ್ತು ಜಿಡ್ಡಿನ ಪರೀಕ್ಷೆ ಮಾಡಿಸಿ. ಮೊದಲ ಅಂಕಣದಲ್ಲಿ ಕೂಡಿದ ಜಿಡ್ಡನ್ನು ಬಾಚಿ, ಒಣಗಿದ ಕಬ್ಬಿನ ಸಿಪ್ಪೆ ಮತ್ತು ಸಗಣಿಯ ಜೊತೆ ತೆಳುವಾಗಿ ಹರಡಿ ಗೊಬ್ಬರಗುಂಡಿಗೆ ಹಾಕಿ. ಒಂದೇ ಕಡೆ ರಾಶಿ ಹಾಕಿದರೆ ಗಾಳಿಯಾಡದೆ ನಾರುತ್ತದೆ.